ಗೃಹಕೈಗಾರಿಕೆಯೂ ಜಾಲತಾಣವೂ

ಶಿಡ್ಲಘಟ್ಟದಿಂದ ಒಬ್ಬ ಗೃಹಿಣಿಯವರು ಈಚೆಗೆ ನಮ್ಮ ಕಚೇರಿಗೆ ಬಂದು, ತಮ್ಮ ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ನಡೆಯುತ್ತಿರುವುದೆಂದೂ, ಅದರ ವಿಷಯವಾಗಿ ಪತ್ರಿಕೆಯಲ್ಲಿ ಸಣ್ಣದೊಂದು ಜಾಹೀರಾತನ್ನು ಹಾಕಿಸಬೇಕೆಂದಿರುವುದೆಂದೂ ತಿಳಿಸಿದರು. ನಮ್ಮ ದರವನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಕೈಚೀಲದಿಂದ ಒಂದು ಮುದ್ರಿತ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟರು. ಜಾಲತಾಣವೊಂದನ್ನು ಕಟ್ಟಿಕೊಡುವುದಾಗಿ ಬೆಂಗಳೂರಿನ ಯಾರೋ ಕೊಟ್ಟಿದ್ದ ದರಪಟ್ಟಿ ಅದು. ಕಟ್ಟುವುದಕ್ಕೆ 45,000 ರೂಪಾಯಿ. ಆಮೇಲೆ ವರ್ಷ ವರ್ಷವೂ ಮೇಲ್ವಿಚಾರಣೆಗೆಂದು 12,000 ರೂಪಾಯಿ. ಹುಡುಕಿದವರಿಗೆಲ್ಲ ಮೊದಲನೆಯ ಸಾಲಿನಲ್ಲೇ ಇವರ ಹೆಸರು ಕಾಣುವಂತೆ ಮಾಡಿಕೊಡುವುದೆಂಬ ಭರವಸೆ ಬೇರೆ. “ಇದು ನ್ಯಾಯವಾದ ದರವೇ, ಸ್ವಾಮಿ? ಒಡವೆ ಇಟ್ಟು ಕೊಡೋಣವೆಂದಿದ್ದೇನೆ” ಎಂದು ಅವರು ಕೇಳಿದರು.

ಆ ಕ್ಷಣ ನಮ್ಮಲ್ಲಿ ಉತ್ತರ ಸಿದ್ಧವಾಗಿರಲಿಲ್ಲ. “ಒಂದು ವಾರ ತಡೆಯಿರಿ ಅಮ್ಮ, ವಿಚಾರಿಸಿ ಹೇಳುತ್ತೇವೆ, ಅಲ್ಲಿಯವರೆಗೆ ಒಡವೆ ಪೆಟ್ಟಿಗೆಯಲ್ಲೇ ಇರಲಿ” ಎಂದು ಹೇಳಿ ಕಳುಹಿಸಿಕೊಟ್ಟೆವು. ತಿಳಿದವರನ್ನು ವಿಚಾರಿಸಿದ್ದಾಯಿತು. ಇಂತಹ ಕಾಗದಗಳು ಚಿಂತಾಮಣಿಯಲ್ಲಿಯೂ ಗೌರಿಬಿದನೂರಿನಲ್ಲಿಯೂ ಅನೇಕರ ಕೈಯಲ್ಲಿರುವುದು ಗೊತ್ತಾದುದರಿಂದ, ಆ ತಾಯಿಗೆ ಹೇಳಬೇಕಾದುದನ್ನು ಇಲ್ಲಿ ಎಲ್ಲರಿಗೂ ಹೇಳುವುದು ಯುಕ್ತವೆಂದು ತೋರಿದೆ.

ನಮ್ಮ ಸೀಮೆಯಲ್ಲಿ ಮನೆಯೊಳಗಿನ ದುಡಿಮೆ ಹೊಸದಲ್ಲ. ಶಿಡ್ಲಘಟ್ಟದ ಎಷ್ಟೋ ಬೀದಿಗಳಲ್ಲಿ ಬೆಳಗಾಗುವ ಮೊದಲೇ ರೇಷ್ಮೆಗೂಡು ಬೇಯುವ ವಾಸನೆ ಬರುವುದನ್ನು ಅಲ್ಲಿ ಹಾದುಹೋದವರೆಲ್ಲ ಬಲ್ಲರು. ಚಿಂತಾಮಣಿಯ ಕಡೆಯ ಕಡಲೆಕಾಯಿಯಿಂದ ಮರದ ಗಾಣದಲ್ಲಿ ಎಣ್ಣೆ ತೆಗೆಯುವವರು ಈಗ ಮತ್ತೆ ತಲೆಯೆತ್ತುತ್ತಿದ್ದಾರೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ, ರಾಗಿಯ ಹುರಿಹಿಟ್ಟು, ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆ — ಇವುಗಳನ್ನು ಮಾಡಬಲ್ಲ ಕೈಗಳು ಚಿಕ್ಕಬಳ್ಳಾಪುರದಲ್ಲಿ ಯಾವ ಬೀದಿಯಲ್ಲಿಲ್ಲ? ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಇಸವಿ ಏಪ್ರಿಲ್ 25ರಂದು ಯಾವ ಧ್ವಜಕ್ಕಾಗಿ ನಮ್ಮ ಜನರು ಗುಂಡಿಗೆ ಎದೆಯೊಡ್ಡಿದರೋ ಆ ಧ್ವಜದ ನಡುವೆ ಇದ್ದುದು ಚರಕ. ಎಂದರೆ, ಮನೆಯಲ್ಲಿ ಕುಳಿತು ಮಾಡುವ ಕೆಲಸದ ಗುರುತು. ಆ ಗುರುತನ್ನು ಪೂಜಿಸಿದಷ್ಟು ಸುಲಭವಾಗಿ ಅದರ ಕೆಲಸವನ್ನು ನಾವು ಕಾಪಾಡಿಕೊಳ್ಳಲಿಲ್ಲ.

ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಕೊಳ್ಳುವವನಿಗೆ ಅವರ ವಿಳಾಸ ತಿಳಿಯುವುದರಲ್ಲಿ. ಕುಚ್ಚು ಕಟ್ಟುವ ಆ ತಾಯಿಯ ಲೆಕ್ಕವನ್ನೇ ನೋಡಿರಿ. ಸೀರೆಗಳು ಬರುವುದು ಬೆಂಗಳೂರಿನ ಒಂದು ಅಂಗಡಿಯಿಂದ. ಸೀರೆಯೊಂದಕ್ಕೆ ಅಂಗಡಿಯವರು ಗಿರಾಕಿಯಿಂದ ತೆಗೆದುಕೊಳ್ಳುವುದರಲ್ಲಿ ಅರ್ಧವೂ ಇವರ ಕೈ ಸೇರುವುದಿಲ್ಲವೆಂದು ಅವರೇ ಹೇಳಿದರು. ಸೀರೆಯನ್ನು ಉಡುವ ಮಹಿಳೆಗೆ ಈ ಕುಚ್ಚನ್ನು ಕಟ್ಟಿದವರು ಶಿಡ್ಲಘಟ್ಟದವರೆಂಬುದು ತಿಳಿಯದು. ಕಟ್ಟಿದವರಿಗೆ ಅದನ್ನು ಯಾರು ಉಟ್ಟರೆಂಬುದು ತಿಳಿಯದು. ನಡುವೆ ನಿಂತವನಿಗೆ ಮಾತ್ರ ಇಬ್ಬರ ವಿಳಾಸವೂ ಗೊತ್ತು. ಅವನ ಲಾಭವಿರುವುದು ಅದರಲ್ಲಿಯೇ. ಅವನನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವನೂ ಅಂಗಡಿಯ ಬಾಡಿಗೆ ಕೊಡಬೇಕಷ್ಟೆ.

ಗೌರಿಬಿದನೂರಿನ ಬಯಲಿನಲ್ಲಿ 1976ರಿಂದ ಒಂದು ರೇಡಿಯೋ ದೂರದರ್ಶಕವಿರುವುದನ್ನು ವಾಚಕರು ಬಲ್ಲರು. ಸೂರ್ಯನಿಂದಲೂ ಅದಕ್ಕಿಂತ ಎಷ್ಟೋ ದೂರದ ನಕ್ಷತ್ರಲೋಕದಿಂದಲೂ ಬರುವ ಅಲೆಗಳನ್ನು ಅಲ್ಲಿ ಹಿಡಿಯುತ್ತಾರೆ. ಅದೇ ಗೌರಿಬಿದನೂರಿನ ಒಂದು ಮನೆಯಲ್ಲಿ ಒಳ್ಳೆಯ ಹಪ್ಪಳ ದೊರೆಯುತ್ತದೆಂಬ ವರ್ತಮಾನ ಎಪ್ಪತ್ತೆಂಭತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ತಲುಪದು!

ಹಿಂದಿನವರು ಈ ಕಷ್ಟವನ್ನು ತಮ್ಮ ಕಾಲದ ಉಪಾಯಗಳಿಂದ ದಾಟಿದರು. ಅಂಚೆ ಇಲಾಖೆಯವರು 1877ರಲ್ಲಿ ವಿ.ಪಿ. ಪದ್ಧತಿಯನ್ನೂ 1880ರಲ್ಲಿ ಮನಿಯಾರ್ಡರನ್ನೂ ತಂದ ಮೇಲೆ, ಊರಿನ ಮೂಲೆಯಲ್ಲಿ ಕುಳಿತ ಔಷಧದ ಪಂಡಿತನೂ ಊದಿನಕಡ್ಡಿಯವನೂ ಪತ್ರಿಕೆಯಲ್ಲಿ ಎರಡು ಸಾಲು ಜಾಹೀರಾತು ಕೊಟ್ಟು ದೇಶಕ್ಕೆಲ್ಲ ಸರಕು ಕಳುಹಿಸುವುದು ಸಾಧ್ಯವಾಯಿತು. ನಂಜನಗೂಡಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಗೆ ಊರಿನ ಹೆಸರೇ ಹೆಸರಾಯಿತು. 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನವನ್ನು ಆರಂಭಿಸಿದ ಕಾಶೀನಾಥುನಿ ನಾಗೇಶ್ವರರಾಯರು ಸಂಗೀತ ಕಚೇರಿಗಳಲ್ಲಿ ಅದನ್ನು ಬಿಟ್ಟಿಯಾಗಿ ಹಂಚಿ ಜನರಿಗೆ ರೂಢಿಮಾಡಿಸಿದರು. ಅದೇ ಮಹನೀಯರು 1908ರಲ್ಲಿ ಆಂಧ್ರಪತ್ರಿಕೆಯನ್ನು ಹೊರಡಿಸಿದರೆಂಬುದು ಪತ್ರಿಕಾವೃತ್ತಿಯವರಾದ ನಮಗೆ ವಿಶೇಷ ಅಭಿಮಾನದ ವಿಷಯ. ಇವರು ಸರಕಿನ ಮೇಲೆ ತಮ್ಮ ಹೆಸರನ್ನು ಹಾಕಿ, ಆ ಹೆಸರನ್ನು ಇತರರ ವಶಕ್ಕೆ ಬಿಟ್ಟುಕೊಡದೆ ಕಾಪಾಡಿಕೊಂಡರು.

ಜಾಲತಾಣವೆಂಬುದು ಆ ಹೆಸರಿಗೆ ಈ ಕಾಲದಲ್ಲಿ ದೊರೆತಿರುವ ಫಲಕ. ಅದರಲ್ಲಿ ಇಂದ್ರಜಾಲವೇನೂ ಇಲ್ಲ. ಜಿನೀವಾ ಪಟ್ಟಣದ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಈ ಏರ್ಪಾಡನ್ನು ಸೂಚಿಸಿದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯವರು ಅದನ್ನು ಯಾವ ಶುಲ್ಕವೂ ಇಲ್ಲದೆ ಯಾರು ಬೇಕಾದರೂ ಉಪಯೋಗಿಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟರು. ಕಂಡುಹಿಡಿದವರು ಬಿಟ್ಟಿಯಾಗಿ ಕೊಟ್ಟದ್ದಕ್ಕೆ ನಮ್ಮ ಶಿಡ್ಲಘಟ್ಟದ ತಾಯಿ ಒಡವೆಯನ್ನು ಅಡವಿಡಬೇಕಾದ ಪ್ರಸಂಗ ಏಕೆ ಬಂದಿತೆಂಬುದನ್ನು ವಿಚಾರಮಾಡಬೇಕಾಗಿದೆ.

ಮನೆ ಕಟ್ಟುವವನಿಗೆ ಬೇಕಾದದ್ದು ಮೂರು: ನಿವೇಶನದ ಖಾತೆ, ನಿವೇಶನ, ಕಟ್ಟಡ. ಜಾಲತಾಣಕ್ಕೂ ಹಾಗೆಯೇ. ಡೊಮೈನ್ ಎಂಬ ಹೆಸರು ಖಾತೆಯಿದ್ದಂತೆ, ಹೋಸ್ಟಿಂಗ್ ಎಂಬುದು ಪುಟಗಳನ್ನು ಇಡುವ ಜಾಗ, ಪುಟಗಳೇ ಕಟ್ಟಡ. ನಮ್ಮ ದೇಶದ ‘.ಇನ್’ ಎಂಬ ಅಂಕಿತವುಳ್ಳ ಹೆಸರುಗಳ ಆಡಳಿತ 2003ರಲ್ಲಿ ಸ್ಥಾಪಿತವಾದ ನಿಕ್ಸಿ ಎಂಬ ಭಾರತೀಯ ಸಂಸ್ಥೆಯ ಕೈಯಲ್ಲಿದೆ. ಅಂತಹ ಹೆಸರೊಂದಕ್ಕೆ ವರ್ಷಕ್ಕೆ ತಗಲುವುದು ಕೆಲವು ನೂರು ರೂಪಾಯಿ ಮಾತ್ರ. ಐದಾರು ಪುಟದ ಸಣ್ಣ ತಾಣಕ್ಕೆ ಜಾಗವೂ ಬಹು ಅಗ್ಗ. ಬಿಟ್ಟಿಯಾಗಿ ಕೊಡುವವರೂ ಉಂಟು. ಕಟ್ಟುವ ಕೆಲಸಕ್ಕೆ ಬಲ್ಲವರಿಗೆ ಕೂಲಿ ಕೊಡುವುದು ನ್ಯಾಯವೇ. ಆದರೆ ಅದು ನಾಲ್ಕು ದಿನದ ಕೆಲಸಕ್ಕೆ ನಾಲ್ಕು ದಿನದ ಕೂಲಿಯಾಗಿರಬೇಕಲ್ಲದೆ ಕಲ್ಯಾಣಮಂಟಪ ಕಟ್ಟಿದ ಲೆಕ್ಕವಾಗಬಾರದು. ಒಂದು ಎಚ್ಚರಿಕೆ: ಮೊದಲನೆಯ ವರ್ಷದ ದರವನ್ನು ಮಾತ್ರ ಕೇಳಿ ಒಪ್ಪಬಾರದು. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೆಯ ವರ್ಷದಿಂದ ಹಲವು ಪಟ್ಟು ವಸೂಲು ಮಾಡುವುದು ಈ ವ್ಯಾಪಾರದಲ್ಲಿ ರೂಢಿಯಾಗಿದೆ.

ಖಾತೆ ಯಾರ ಹೆಸರಿನಲ್ಲಿದೆ ಎಂಬುದೇ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಪಾಠವನ್ನು ನಾವು ಹಣವನ್ನೂ ಸ್ವಲ್ಪ ಮಾನವನ್ನೂ ಕಳೆದುಕೊಂಡು ಕಲಿತೆವೆಂದು ಹೇಳಲು ನಾಚಿಕೆಯಿಲ್ಲ. ಕೆಲವು ವರ್ಷಗಳ ಹಿಂದೆ ಪತ್ರಿಕೆಗೊಂದು ತಾಣ ಬೇಕೆಂದು ಪರಿಚಿತನಾದ ಒಬ್ಬ ಯುವಕನಿಗೆ ಕೆಲಸವನ್ನು ವಹಿಸಿದೆವು. ಹುಡುಗ ಕೆಟ್ಟವನಲ್ಲ, ಆದರೆ ಹೆಸರನ್ನು ತನ್ನ ಹೆಸರಿನಲ್ಲಿ, ತನ್ನ ಮಿಂಚಂಚೆಯ ವಿಳಾಸಕ್ಕೆ ನೋಂದಾಯಿಸಿಬಿಟ್ಟ. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಮೂರನೆಯ ವರ್ಷ ಅವನಿಗೆ ಬೇರೆ ಊರಿನಲ್ಲಿ ನೌಕರಿಯಾಯಿತು. ನವೀಕರಣದ ಸೂಚನೆಗಳು ಅವನ ಹಳೆಯ ವಿಳಾಸಕ್ಕೆ ಹೋಗಿ ಅಲ್ಲಿಯೇ ಉಳಿದುವು. ಒಂದು ಬೆಳಿಗ್ಗೆ ಹಿರಿಯ ವಾಚಕರೊಬ್ಬರು ಟೆಲಿಫೋನು ಮಾಡಿ, “ಏನು ಸ್ವಾಮಿ, ನಿಮ್ಮ ಪತ್ರಿಕೆಯ ಪುಟವನ್ನು ತೆಗೆದರೆ ಇಸ್ಪೀಟಿನ ಜಾಹೀರಾತು ಬರುತ್ತಿದೆಯಲ್ಲ, ವೃತ್ತಿ ಬದಲಾಯಿಸಿದಿರೋ?” ಎಂದು ಕೇಳಿದರು. ಅವಧಿ ಮುಗಿದ ಹೆಸರನ್ನು ಯಾರೋ ಕೊಂಡು ಜೂಜಿನ ಅಂಗಡಿಯನ್ನು ತೆರೆದಿದ್ದರು. ಅದನ್ನು ಹಿಂದಕ್ಕೆ ಪಡೆಯಲು ಅವರು ಕೇಳಿದ ಹಣವನ್ನು ಇಲ್ಲಿ ಬರೆಯುವುದಿಲ್ಲ. ಬೇರೊಂದು ಹೆಸರನ್ನು ಹಿಡಿದುಕೊಂಡೆವು. ಹಳೆಯ ಹೆಸರನ್ನು ನಂಬಿ ಈಗಲೂ ಅಲ್ಲಿಗೆ ಹೋಗುವ ವಾಚಕರಿಗೆ ಉತ್ತರ ಹೇಳುವುದು ಮಾತ್ರ ತಪ್ಪಿಲ್ಲ. ಆ ತಾಯಿಯ ದರಪಟ್ಟಿಯಲ್ಲಿ ಹೆಸರು ಯಾರಿಗೆ ಸೇರತಕ್ಕದ್ದೆಂಬ ಮಾತೇ ಇರಲಿಲ್ಲ. ಪ್ರತಿವರ್ಷದ 12,000 ರೂಪಾಯಿ ನಿಂತ ದಿನ ಅವರ ಅಂಗಡಿಯ ಬಾಗಿಲಿಗೆ ಯಾರ ಬೀಗ ಬೀಳುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

“ದೊಡ್ಡ ಮಾರುಕಟ್ಟೆಗಳಿರುವಾಗ ಸ್ವಂತ ತಾಣವೇಕೆ? ಅಮೆಜಾನಿನಲ್ಲಿಯೋ ಫ್ಲಿಪ್‌ಕಾರ್ಟಿನಲ್ಲಿಯೋ ಮಾರಬಹುದಲ್ಲ?” ಎಂದು ಕೇಳುವವರುಂಟು. ಮಾರಬಹುದು, ಮಾರಬೇಡಿರೆಂದು ನಾವು ಹೇಳುವುದಿಲ್ಲ. ಜಾತ್ರೆಯಲ್ಲಿ ಅಂಗಡಿ ಇಟ್ಟರೆ ಜನ ಸೇರಿಯೇ ಸೇರುತ್ತಾರೆ. ಆದರೆ ಜಾತ್ರೆಯ ಜಾಗ ಬಾಡಿಗೆಯದು. ಬಾಡಿಗೆಯ ದರವನ್ನು ಏರಿಸುವವರು ಅವರು. ಇಂದು ಎದುರಿನ ಸಾಲಿನಲ್ಲಿ ಕೂರಿಸಿ ನಾಳೆ ಹಿಂದಿನ ಸಾಲಿಗೆ ತಳ್ಳುವವರು ಅವರು. ಸರಕನ್ನು ಕೊಂಡ ಗಿರಾಕಿ ಕೂಡ ಅವರ ಗಿರಾಕಿಯೇ ಹೊರತು ನಿಮ್ಮವನಲ್ಲ. 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಫ್ಲಿಪ್‌ಕಾರ್ಟಿನ ಹೆಚ್ಚಿನ ಪಾಲು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿಯ ವಶವಾಯಿತು. ಮನೆ ಮನೆಯ ಕೈಕೆಲಸವನ್ನು ಕೊಳ್ಳುವವರೊಡನೆ ಕೂಡಿಸುವ ಸೇತುವೆಗಳೆಲ್ಲ ಪರದೇಶದವರ ಸುಂಕದ ಕಟ್ಟೆಗಳಾಗುವುದು ಸ್ವದೇಶಿಯನ್ನು ಇನ್ನೂ ಮರೆಯದವರಿಗೆ ಹಿತವಾದ ವಿಷಯವಲ್ಲ. ಇದಕ್ಕೆ ಪ್ರತಿಯಾಗಿ ಕೇಂದ್ರ ಸರ್ಕಾರದವರ ಪ್ರೋತ್ಸಾಹದಿಂದ 2021ರ ಕೊನೆಯಲ್ಲಿ ಹುಟ್ಟಿ, 2022ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕವಾಗಿ ಪ್ರಯೋಗಕ್ಕೆ ಬಂದ ಒ.ಎನ್.ಡಿ.ಸಿ. ಎಂಬ ಜಾಲದ ಉದ್ದೇಶ ಒಳ್ಳೆಯದು. ನಮ್ಮ ತಾಲ್ಲೂಕುಗಳ ಅಡಿಗೆಮನೆಗಳವರೆಗೆ ಅದು ಇಳಿದುಬಂದದ್ದನ್ನು ಮಾತ್ರ ನಾವು ಕಂಡಿಲ್ಲ. ಜಾತ್ರೆಯಲ್ಲಿ ಮಾರಿದರೂ ಪೊಟ್ಟಣದ ಒಳಗೆ ಸ್ವಂತ ಮನೆಯ ವಿಳಾಸವಿರಬೇಕೆಂಬುದೇ ನಮ್ಮ ಅಭಿಪ್ರಾಯ.

ತಾಣದಲ್ಲಿ ಇರಬೇಕಾದುದೇನು? ಈ ವಿಷಯದಲ್ಲಿ ನಾವು ನೋಡಿದ ಅನೇಕ ತಾಣಗಳು ನಗುವನ್ನೂ ಬೇಸರವನ್ನೂ ಒಟ್ಟಿಗೆ ತರಿಸುವಂತಿವೆ. ತೆರೆದೊಡನೆ ಯಾವುದೋ ವಿಲಾಯತಿ ಕಚೇರಿಯಲ್ಲಿ ಕೋಟು ತೊಟ್ಟ ನಾಲ್ವರು ಕೈಕುಲುಕುವ ಚಿತ್ರ. ಅದರ ಕೆಳಗೆ ಅರ್ಥವಾಗದ ಇಂಗ್ಲಿಷಿನಲ್ಲಿ ‘ನಮ್ಮ ಧ್ಯೇಯ’. ಹಪ್ಪಳಕ್ಕೆ ಬೆಲೆಯೆಷ್ಟು, ಎಲ್ಲಿ ಸಿಕ್ಕುತ್ತದೆ ಎಂಬುದು ಎಷ್ಟು ಹುಡುಕಿದರೂ ಇಲ್ಲ! ಹಪ್ಪಳದವರಿಗೆ ಧ್ಯೇಯ ಬೇಡ. ಕುಚ್ಚಿನ ತಾಣವಾದರೆ ಬೇಬಿ ಕುಚ್ಚು, ಕ್ರೋಷಾ ಕುಚ್ಚು, ಮಣಿ ಕುಚ್ಚು ಎಂದು ಬಗೆಬಗೆಯವನ್ನು ತಾವೇ ಕಟ್ಟಿದ ಸೀರೆಗಳ ಮೇಲೆ, ಹಗಲ ಬೆಳಕಿನಲ್ಲಿ, ಕಿಟಕಿಯ ಬಳಿ ಹಿಡಿದು ತೆಗೆದ ಚಿತ್ರಗಳಿರಲಿ. ಒಂದೊಂದಕ್ಕೂ ದರವಿರಲಿ. ಎಷ್ಟು ದಿನ ಹಿಡಿಯುತ್ತದೆ, ಸೀರೆಯನ್ನು ಕಳುಹಿಸುವುದು ಹೇಗೆ, ಹಿಂದಕ್ಕೆ ಬರುವುದು ಹೇಗೆ, ದಾರಿಯಲ್ಲಿ ಸೀರೆಗೆ ಏನಾದರೂ ಆದರೆ ಹೊಣೆ ಯಾರದು — ಇಷ್ಟು ಇದ್ದರೆ ಸಾಕು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ತಾಣಕ್ಕೆ ಯಾವ ಬುದ್ಧಿವಂತ ಹೆಂಗಸೂ ತನ್ನ ಮದುವೆಯ ಸೀರೆಯನ್ನು ಕಳುಹಿಸುವುದಿಲ್ಲ. ಟೆಲಿಫೋನು ಮಾಡಬೇಕಾದ ಹೊತ್ತನ್ನೂ ಬರೆದಿಟ್ಟರೆ ಅಡಿಗೆಯ ನಡುವೆ ಗಂಟೆ ಬಾರಿಸುವುದು ತಪ್ಪುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡವೇ ಮೊದಲು ಇರಬೇಕೆಂಬುದನ್ನು ಈ ಪತ್ರಿಕೆ ಬೇರೆ ಹೇಳಬೇಕಾಗಿಲ್ಲ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸಂತೆಯ ಮಾತು ಅರ್ಧ ತೆಲುಗು ಎಂಬುದನ್ನು ಮರೆಯಲಾಗದು. ಕೈವಾರದ ತಾತಯ್ಯನವರು ಎರಡು ಭಾಷೆಯಲ್ಲಿಯೂ ಹಾಡಿದ ಸೀಮೆ ಇದು. ಹಿಂದೂಪುರದ ಗಿರಾಕಿಗೆ ತೆಲುಗಿನ ನಾಲ್ಕು ಸಾಲು, ಬೆಂಗಳೂರಿನ ಬಹುಮಹಡಿಯ ಮನೆಗಳವರಿಗೆ ಇಂಗ್ಲಿಷಿನ ನಾಲ್ಕು ಸಾಲು ಇದ್ದರೆ ಯಾವ ಅಭಿಮಾನಕ್ಕೂ ಕುಂದಿಲ್ಲ. ಜನರು ಹುಡುಕುವುದು ತಾವು ಆಡುವ ಮಾತಿನಿಂದಲೇ. ಆದುದರಿಂದ ‘ಖಾದ್ಯತೈಲ’ ಎಂದು ಬರೆದವನ ಪುಟಕ್ಕಿಂತ ‘ಗಾಣದ ಕಡಲೆಕಾಯಿ ಎಣ್ಣೆ, ಚಿಂತಾಮಣಿ’ ಎಂದು ಬರೆದವನ ಪುಟ ಬೇಗ ಕೈಗೆ ಸಿಕ್ಕುವುದು. ಚಿತ್ರಗಳ ಭಾರ ಕಡಮೆಯಾಗಿರಲಿ. ನೋಡುವವರು ನೋಡುವುದು ಸಣ್ಣ ಫೋನಿನಲ್ಲಿ, ಬಸ್ಸಿನಲ್ಲಿ ಕುಳಿತು, ಸಂಕೇತ ಸಿಕ್ಕಿದರೆ ಸಿಕ್ಕಿತು ಎನ್ನುವ ಸ್ಥಿತಿಯಲ್ಲಿ.

ತಾಣವನ್ನು ಕಟ್ಟಿದೊಡನೆ ಗಿರಾಕಿಗಳು ಮುತ್ತುತ್ತಾರೆಂಬುದು ಶುದ್ಧ ಭ್ರಾಂತಿ. ಓಣಿಯ ಕೊನೆಯಲ್ಲಿ ಅಂಗಡಿಯನ್ನು ತೆರೆದು ಯಾರಿಗೂ ಹೇಳದೆ ಕುಳಿತವನ ಸ್ಥಿತಿಯೇ ಅದು. ಪೊಟ್ಟಣದ ಮೇಲೆ, ಕೈಚೀಲದ ಮೇಲೆ, ರಸೀತಿಯ ಮೇಲೆ ವಿಳಾಸ ಅಚ್ಚಾಗಿರಬೇಕು. ಗೂಗಲ್ಲಿನವರ ಭೂಪಟದಲ್ಲಿ ಅಂಗಡಿಯ ಗುರುತು ಹಾಕಿಸುವುದಕ್ಕೆ ಹಣವಿಲ್ಲ. ನಂದಿಬೆಟ್ಟಕ್ಕೆ ಬಂದುಹೋಗುವ ಬೆಂಗಳೂರಿನವರು ಆ ಭೂಪಟವನ್ನು ಹಿಡಿದೇ ಬರುವವರು. ವಾಟ್ಸಾಪಿನವರು 2018ರಿಂದ ಸಣ್ಣ ವ್ಯಾಪಾರಿಗಳಿಗೆಂದೇ ಕೊಟ್ಟಿರುವ ಏರ್ಪಾಡಿನಲ್ಲಿ ಸರಕಿನ ಪಟ್ಟಿಯನ್ನು ಇಡಬಹುದು. ಹಣ ಕೊಟ್ಟು ಜಾಹೀರಾತು ಮಾಡುವುದಾದರೆ ದಿನಕ್ಕೆ ಇಷ್ಟೇ ಎಂಬ ಮಿತಿಯನ್ನು ಮೊದಲೇ ಕಟ್ಟಿ, ಹದಿನೈದು ದಿನದಲ್ಲಿ ಎಷ್ಟು ಬೇಡಿಕೆ ಬಂದಿತೆಂದು ಎಣಿಸಿ, ಬಾರದಿದ್ದರೆ ನಿಲ್ಲಿಸಬೇಕು. ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ಲಿನವರೇ ಹೇಳುತ್ತಾರೆ. ಆದುದರಿಂದ ಅಂತಹ ಭರವಸೆ ಇರುವ ಕಾಗದವನ್ನು ಅಷ್ಟರಿಂದಲೇ ಬದಿಗಿಡಬಹುದು.

ಹಣ ಕೊಟ್ಟು ಹೊಗಳಿಕೆಗಳನ್ನು ಬರೆಯಿಸುವ ದುಶ್ಚಟವೂ ಹಬ್ಬುತ್ತಿದೆ. ಇದರ ಹಾವಳಿ ಎಷ್ಟೆಂದರೆ 2022ರಲ್ಲಿ ಭಾರತೀಯ ಮಾನಕ ಬ್ಯೂರೋದವರು ಜಾಲದ ಅಭಿಪ್ರಾಯಗಳಿಗೆಂದೇ ಒಂದು ಮಾನಕವನ್ನು ಪ್ರಕಟಿಸಬೇಕಾಯಿತು. ಚಟ್ನಿಪುಡಿ ಸಕ್ಕರೆ ರೋಗವನ್ನು ವಾಸಿಮಾಡುತ್ತದೆಂದು ಬರೆಯುವವರಿಗೂ ಒಂದು ಮಾತು: ಇಂತಹ ಜಾಹೀರಾತುಗಳನ್ನು ತಡೆಯುವ ಕಾನೂನು 1954ರಿಂದಲೇ ಇದೆ. (ಅದಕ್ಕೂ ಹಿಂದೆ ಸಕಲ ರೋಗನಿವಾರಕ ಲೇಹ್ಯಗಳ ಹಣದಿಂದ ಎಷ್ಟು ಪತ್ರಿಕೆಗಳು ಬದುಕಿದುವೆಂಬುದನ್ನು ನೆನೆದರೆ, ನಮ್ಮ ವೃತ್ತಿಯವರು ಈ ವಿಷಯದಲ್ಲಿ ಬಹಳ ಗಟ್ಟಿಯಾಗಿ ಮಾತನಾಡುವಂತಿಲ್ಲ.)

ಇನ್ನು ಕಾನೂನಿನ ವಿಷಯ. ಮನೆಯಲ್ಲಿ ಮಾಡಿದ ತಿಂಡಿಯಾದರೂ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿಯಾಗಿ 14 ಅಂಕೆಗಳ ಸಂಖ್ಯೆಯನ್ನು ಪಡೆಯಬೇಕು. ಪೊಟ್ಟಣದ ಮೇಲೆ ತೂಕ, ಬೆಲೆ, ಮಾಡಿದವರ ಹೆಸರು, ವಿಳಾಸ, ತಯಾರಾದ ತಿಂಗಳು ಇರಬೇಕು. ತಾಣದಲ್ಲಿ ತೋರಿಸುವಾಗಲೂ ಇವುಗಳಲ್ಲಿ ಬಹುಭಾಗ ಕಾಣಬೇಕು. ಉದ್ಯಮದ ನೋಂದಣಿಯನ್ನು 2020ರ ಜುಲೈ 1ರಿಂದ ಉದ್ಯಮ್ ಎಂಬ ಸರ್ಕಾರಿ ತಾಣದಲ್ಲಿ ಯಾವ ಶುಲ್ಕವೂ ಇಲ್ಲದೆ ಮಾಡಿಕೊಳ್ಳಬಹುದು. ಅದೇ ಮುಖಛಾಯೆಯ ಖಾಸಗಿ ತಾಣಗಳನ್ನು ತೆರೆದು ಸಾವಿರ, ಎರಡು ಸಾವಿರ ಕೀಳುವವರಿದ್ದಾರೆ. ಹಣ ಕೇಳಿದೊಡನೆ ಅದು ಸರ್ಕಾರದ್ದಲ್ಲವೆಂದು ತಿಳಿಯಬೇಕು. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲವೆಂಬುದನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿಕೊಳ್ಳಲಿ. ದೊಡ್ಡ ಬೇಡಿಕೆ ಕೊಡುವವನಂತೆ ನಟಿಸಿ, ಮುಂಗಡ ಕಳುಹಿಸುತ್ತೇನೆಂದು ಹೇಳಿ ಖಾತೆಯನ್ನೇ ಬರಿದುಮಾಡುವವರ ಮೊದಲ ಬೇಟೆ ಇಂತಹ ಗೃಹಿಣಿಯರೇ. ಮೋಸವಾದರೆ ಆ ಗಳಿಗೆಯಲ್ಲಿಯೇ 1930 ಎಂಬ ಸಂಖ್ಯೆಗೆ ತಿಳಿಸಬೇಕು.

ತೆರಿಗೆಯ ಭಯವಂತೂ ಎಲ್ಲರ ಮನಸ್ಸಿನಲ್ಲಿಯೂ ಇದೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯು.ಪಿ.ಐ. ಲೆಕ್ಕವನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿದಾಗ, ಬೆಂಗಳೂರಿನ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕಗಳು ಎದ್ದುದನ್ನು ಯಾರೂ ಮರೆತಿಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿಯ ಒಳಗೆ ಸರಕು ಮಾರುವವರಿಗೂ, 20 ಲಕ್ಷದ ಒಳಗೆ ಕುಚ್ಚು ಕಟ್ಟುವಂತಹ ಸೇವೆಯನ್ನು ಮಾಡುವವರಿಗೂ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಾಗಿಲ್ಲವೆಂಬುದು ಸಮಾಧಾನದ ಮಾತು. ಆದರೆ ಗಡಿಯ ತಾಲ್ಲೂಕುಗಳಾದ ನಮಗೆ ಒಂದು ವಿಚಿತ್ರವಾದ ತೊಡಕುಂಟು. ತೆರಿಗೆಗೆ ಒಳಪಟ್ಟ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರು, ಕೆಲವು ಕರಕುಶಲ ವಸ್ತುಗಳ ಹೊರತು, ಮಾರಾಟ ಎಷ್ಟೇ ಅಲ್ಪವಾಗಿರಲಿ ನೋಂದಣಿಯಾಗಬೇಕು. ಹಪ್ಪಳಕ್ಕೆ ತೆರಿಗೆಯಿಲ್ಲ, ಹಪ್ಪಳವನ್ನು ಮಾತ್ರ ಮಾರುವವರಿಗೆ ಈ ಗೊಡವೆಯೂ ಇಲ್ಲ. ಉಪ್ಪಿನಕಾಯಿಗೆ ತೆರಿಗೆ ಉಂಟು. ಎಂದರೆ, ಗೌರಿಬಿದನೂರಿನ ಗೃಹಿಣಿಯು ರಾಜ್ಯದ ಉತ್ತರದ ತುದಿಯ ಬೀದರಿಗೆ ಉಪ್ಪಿನಕಾಯಿಯ ಭರಣಿಯನ್ನು ನಿರಾತಂಕವಾಗಿ ಕಳುಹಿಸಬಹುದು. ಒಂದು ಗಂಟೆಯೊಳಗೆ ತಲುಪಬಹುದಾದ ಹಿಂದೂಪುರಕ್ಕೆ, ತಾಣದಲ್ಲಿ ಬಂದ ಬೇಡಿಕೆಯಂತೆ ಒಂದೇ ಒಂದು ಭರಣಿಯನ್ನು ಕಳುಹಿಸಿದರೆ ಕಾನೂನಿನ ಕಣ್ಣಿನಲ್ಲಿ ಆಕೆ ಅಂತರರಾಜ್ಯ ವರ್ತಕಳಾಗಿ, ತಿಂಗಳು ತಿಂಗಳಿಗೋ ಮೂರು ತಿಂಗಳಿಗೋ ಲೆಕ್ಕಪತ್ರವನ್ನು ಒಪ್ಪಿಸಬೇಕಾಗುವುದು. ಹೊಸೂರು, ಹಿಂದೂಪುರ, ಮದನಪಲ್ಲಿಗಳ ಗಿರಾಕಿಗಳೇ ಹತ್ತಿರದವರಾದ ನಮ್ಮಂತಹ ಊರುಗಳಿಗೆ ಇದು ಅನ್ಯಾಯ. ಸಣ್ಣ ಮಿತಿಯೊಂದನ್ನು ಕಟ್ಟಿ ಗೃಹಕೈಗಾರಿಕೆಗಳನ್ನು ಇದರಿಂದ ಬಿಡಿಸಬೇಕೆಂದು ನಮ್ಮ ಲೋಕಸಭಾ ಸದಸ್ಯರೂ ರಾಜ್ಯದ ಮಂತ್ರಿಗಳೂ ಜಿ.ಎಸ್.ಟಿ. ಮಂಡಲಿಯಲ್ಲಿ ಈ ವಿಷಯ ಚರ್ಚೆಗೆ ಬರುವಂತೆ ಮಾಡಬೇಕೆಂದು ಒತ್ತಾಯಪಡಿಸುತ್ತೇವೆ. ಅಲ್ಲಿಯವರೆಗೆ ತಾಣದಲ್ಲಿ ‘ಕರ್ನಾಟಕದೊಳಗೆ ಮಾತ್ರ’ ಎಂದು ಬರೆದಿಡುವುದು ಕ್ಷೇಮ.

ಎಲ್ಲರಿಗೂ ತಾಣ ಬೇಕೆಂದು ನಾವು ಸಾರುತ್ತಿಲ್ಲ. ರೇಷ್ಮೆ ನೂಲು ಬಿಚ್ಚುವವನ ಗಿರಾಕಿ ಧರ್ಮಾವರದ ಅಥವಾ ಕಾಂಚೀಪುರದ ನೇಕಾರರ ಕಡೆಯ ವರ್ತಕ. ಅವನು ನೂಲನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವವನಲ್ಲ. ನೂಲಿನವನಿಗೆ ಬೇಕಾದದ್ದು ಕಾಲಕ್ಕೆ ಸರಿಯಾಗಿ ಬಂಡವಳ. ಚಿಂತಾಮಣಿಯ ಟೊಮ್ಯಾಟೋ ಬೆಳೆಗಾರನಿಗೂ ತಾಣದಿಂದ ಪ್ರಯೋಜನ ಕಡಮೆ; 2023ರ ಜುಲೈಯಲ್ಲಿ ಕಿಲೋ ಒಂದಕ್ಕೆ 100 ರೂಪಾಯಿಯನ್ನು ದಾಟಿದ ಬೆಲೆ ಕೆಲವೇ ವಾರಗಳಲ್ಲಿ ಕುಸಿದುಬಿದ್ದಾಗ, ಯಾವ ಪುಟವೂ ಆ ಹಣ್ಣನ್ನು ಕೊಳೆಯದಂತೆ ಇಡಲಾರದಾಗಿತ್ತು. ಅದೇ ಟೊಮ್ಯಾಟೋ ಮನೆಯಲ್ಲಿ ತೊಕ್ಕಾಗಿ ಸೀಸೆ ಸೇರಿದರೆ ಮಾತು ಬೇರೆ. ಕೆಡದ ಸರಕು, ಅಂಚೆಯಲ್ಲಿ ಹೋಗಬಲ್ಲ ಸರಕು, ಮಾಡಿದವರ ಕೈಗುಣ ಕಾಣುವ ಸರಕು — ತಾಣ ನೆರವಾಗುವುದು ಇಂಥದಕ್ಕೆ. ಸರಕು ಹದಕ್ಕೆ ಬರುವ ಮೊದಲೇ ತಾಣವನ್ನು ಕಟ್ಟಿಸಿ ಕುಳಿತವರನ್ನೂ ಈ ವಾರದಲ್ಲಿ ಕಂಡೆವು. ಅವರಿಗೆ ಹೇಳುವುದೇನೂ ಇಲ್ಲ.

ಕೊನೆಯದಾಗಿ ಅಧಿಕಾರಿವರ್ಗದವರಲ್ಲಿ ಒಂದು ಬಿನ್ನಹ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಈ ಜಿಲ್ಲೆಯಲ್ಲಿದೆ. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿ ಅವರ ಕಾಲದಲ್ಲಿಯೇ ಹುಟ್ಟಿದುವು; ಬಂಡವಳಕ್ಕೊಂದು ಏರ್ಪಾಡು, ವರ್ತಕರಿಗೊಂದು ಏರ್ಪಾಡು ಎಂದು ಅವರು ನಿಯಮಿಸಿ ನಡೆದರು. ಪ್ರತಿವರ್ಷವೂ ಸೆಪ್ಟೆಂಬರ್ 15ರಂದು ಅವರ ಪ್ರತಿಮೆಗೆ ಹಾರ ಹಾಕುವ ನಾವು ಅದೇ ಊರಿನಲ್ಲಿರುವ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವನ್ನು ಏಕೆ ಈ ಕೆಲಸಕ್ಕೆ ಕರೆಯಬಾರದು? ಅಲ್ಲಿಯೂ ತಾಲ್ಲೂಕುಗಳ ಪಾಲಿಟೆಕ್ನಿಕ್ಕುಗಳಲ್ಲಿಯೂ ಓದುವ ವಿದ್ಯಾರ್ಥಿಗಳು ಪರೀಕ್ಷೆಗೆಂದು ಇಲ್ಲದ ಅಂಗಡಿಗಳಿಗೆ ತಾಣಗಳನ್ನು ಕಟ್ಟಿ ಅಳಿಸಿಹಾಕುತ್ತಾರೆ. ಒಬ್ಬೊಬ್ಬ ವಿದ್ಯಾರ್ಥಿ ಇರುವ ಒಂದು ಮನೆಯ ಉದ್ಯಮಕ್ಕೆ ಕಟ್ಟಿಕೊಡಲಿ. ಹೆಸರು ಉದ್ಯಮದವರ ಹೆಸರಿನಲ್ಲಿಯೇ ನೋಂದಣಿಯಾಗಲಿ. ಬೀಗದ ಕೈ, ಎಂದರೆ ಗುಪ್ತಪದ, ಅವರ ಕೈಗೇ ಹೋಗಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರುಗಳಿವೆ. ವಾರಕ್ಕೊಂದು ಮಧ್ಯಾಹ್ನ ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಅವುಗಳನ್ನು ಬಿಟ್ಟುಕೊಡುವುದಕ್ಕೆ ಹೊಸ ಅನುದಾನ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಜಿಲ್ಲಾಧಿಕಾರಿಗಳ ಕಚೇರಿಯ ತಾಣದಲ್ಲಿ ಪ್ರವಾಸಿ ಸ್ಥಳಗಳ ಪುಟದ ಪಕ್ಕದಲ್ಲಿ ತಾಲ್ಲೂಕುವಾರು ಗೃಹಕೈಗಾರಿಕೆಗಳ ಪಟ್ಟಿಯೊಂದನ್ನು ಇಟ್ಟರೆ ನಂಬಿಕೆಯೂ ಬೆಳೆಯುವುದು, ಮೋಸವೂ ತಗ್ಗುವುದು. ತರಬೇತಿ ಶಿಬಿರವೆಂದು ಮಾಡಿ, ಶಾಮಿಯಾನ ಹಾಕಿಸಿ, ಭಾಷಣಗಳ ನಂತರ ಪ್ರಮಾಣಪತ್ರವನ್ನು ಹಂಚಿ ಕಳುಹಿಸುವ ಪದ್ಧತಿಯನ್ನು ಮಾತ್ರ ಈ ಸಲ ಬಿಡಬೇಕೆಂದು ಪ್ರಾರ್ಥಿಸುತ್ತೇವೆ.

ಆ ಗೃಹಿಣಿಯವರು ಮೊನ್ನೆ ಶನಿವಾರ ಕಾಲೇಜಿನಲ್ಲಿ ಓದುತ್ತಿರುವ ತಮ್ಮ ತಂಗಿಯ ಮಗಳನ್ನು ಕರೆದುಕೊಂಡು ಮತ್ತೆ ಬಂದಿದ್ದರು. 45,000 ರೂಪಾಯಿಯ ಕಾಗದ ವಾಪಸು ಹೋಯಿತು. ನಮ್ಮ ಅಚ್ಚಿನಮನೆಯ ಕಂಪ್ಯೂಟರಿನಲ್ಲಿಯೇ ಆ ಹುಡುಗಿ ಒಂದು ಹೆಸರನ್ನು ನೋಂದಾಯಿಸಿ, ಎರಡು ಪುಟಗಳನ್ನು ಕಟ್ಟಿ, ಹನ್ನೊಂದು ಚಿತ್ರಗಳನ್ನು ಹಾಕಿದಳು. ಕನ್ನಡದ ಕಾಗುಣಿತವನ್ನು ನಾವು ತಿದ್ದಿಕೊಟ್ಟೆವು. ಹೆಸರಿನ ಖರ್ಚು ಒಂದು ಸೀರೆಯ ಕುಚ್ಚಿನ ಕೂಲಿಗಿಂತ ಸ್ವಲ್ಪ ಹೆಚ್ಚಾಯಿತು. ಮಾಲೀಕರೆಂಬಲ್ಲಿ ಯಾರ ಹೆಸರನ್ನು ಬರೆಯಬೇಕೆಂದು ಹುಡುಗಿ ಕೇಳಿದಾಗ ಆ ತಾಯಿ ಅಭ್ಯಾಸಬಲದಿಂದ ಯಜಮಾನರ ಹೆಸರನ್ನು ಹೇಳಿ, ಸ್ವಲ್ಪ ತಡೆದು, “ಬೇಡ, ಕಟ್ಟುವುದು ನಾನಲ್ಲವೇ, ನನ್ನದೇ ಬರಿ” ಎಂದರು. ಬೇರೆ ಯಾರಿಗಾದರೂ ಬೇಕಾಗಿದ್ದರೆ ಶನಿವಾರ ಮಧ್ಯಾಹ್ನ ಆ ಕಂಪ್ಯೂಟರು ಬಿಡುವಾಗಿರುತ್ತದೆ.